ಮಾಳಿಗೆ ಮೇಲಿನ ಸುಣ್ಣದ ದೋಣಿ

ಏಳು ವರ್ಷದ ಕೂಸನ್ನು ಕರೆದುಕೊಂಡು ಹಾಯಿದೋಣಿಯಲ್ಲಿ ಮುಂಬೈಯಿಂದ ಕೊಚ್ಚಿಯವರೆಗೆ ಕರಾವಳಿ ಇಳಿಯುವ ಕೆಲಸ ಅರ್ಧಕ್ಕಿಂತ ಹೆಚ್ಚು ಕಲಬುರಗಿಯ ಮನೆ ಮಾಳಿಗೆಯ ಮೇಲೆಯೇ ಮುಗಿದಿತ್ತು. ಆಗಸ್ಟ್‌ನಲ್ಲಿ ಶಹಾಬಾದ್ ಫರಸಿಯ ಮೇಲೆ ಸುಣ್ಣದಿಂದ ದೋಣಿಯ ಗೆರೆ ಎಳೆದೆವು. ಉದ್ದ 36 ಅಡಿ, ನಡುವೆ ಅಗಲ 11 ಅಡಿ, ಮುಂದೆ ಮೂತಿಯಂತೆ ಚೂಪು. ಒಳಗೆ ಕಾಕ್‌ಪಿಟ್, ಅಂದರೆ ದೋಣಿ ನಡೆಸುವವರು ಕೂರುವ ತೆರೆದ ತಗ್ಗು, 7 ಅಡಿ ಉದ್ದ, 5 ಅಡಿ ಅಗಲ. ಅಲ್ಲಿಂದ ಕೆಳಗಿಳಿಯುವ ನಾಲ್ಕು ಮೆಟ್ಟಿಲು. ಆಮೇಲೆ ಅಡುಗೆ ಮೂಲೆ, ಮೇಜು, ಪಾಯಖಾನೆ, ಕೂಸಿನ ಹಾಸಿಗೆ. ಹಾಸಿಗೆಗೆ ಸಿಕ್ಕದ್ದು ಐದೂವರೆ ಅಡಿ ಉದ್ದ, ಎರಡಡಿ ಅಗಲ. ನೀರಿನ ಟಾಕಿಯ ಕಂಬಕ್ಕೂ ಎದುರಿನ ಕಬ್ಬಿಣದ ಕಂಬಕ್ಕೂ ನಡುಗೆರೆಯ ಮೇಲೆ ಒಂದು ಪಟ್ಟಿ ಬಿಗಿದೆವು. ದೋಣಿಯಲ್ಲಿ ಇದಕ್ಕೆ ಜ್ಯಾಕ್‌ಲೈನ್ ಅಂತಾರೆ: ಹಿಂದಿನಿಂದ ಮುಂದಿನವರೆಗೆ ಡೆಕ್ಕಿನ ಮೇಲೆ ಮಲಗಿರುವ ಚಪ್ಪಟೆ ಪಟ್ಟಿ. ಮೈಗೆ ಕಟ್ಟಿದ ಹಾರ್ನೆಸ್‌ನ ಹಗ್ಗದ ಕೊಂಡಿಯನ್ನು ಅದಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕು. ಉರುಟು ಹಗ್ಗ ಹಾಕಬಾರದು, ಕಾಲಡಿ ಸಿಕ್ಕರೆ ಉರುಳುತ್ತದೆ.

ಸುಣ್ಣದ ದೋಣಿ ಮೊದಲ ವಾರವೇ ಒಂದು ತಪ್ಪು ತೋರಿಸಿತು. ಅಂಗಡಿಯಲ್ಲಿ ಕೊಟ್ಟ ಹಗ್ಗ 2 ಮೀಟರ್. ನಡುಗೆರೆಯಿಂದ ಅಂಚಿಗೆ ಇರುವುದು ಐದೂವರೆ ಅಡಿ, ಅಂದರೆ 1.7 ಮೀಟರ್‌ಗೂ ಕಡಿಮೆ. ಅಷ್ಟುದ್ದದ ಹಗ್ಗ ಕಟ್ಟಿದ ಕೂಸು ಗೆರೆ ದಾಟಿ ಆಚೆ ನಿಲ್ಲುತ್ತಿತ್ತು! ಸಮುದ್ರದಲ್ಲಾದರೆ ಅದೇ ಹಗ್ಗ ಕೂಸನ್ನು ನೀರಿನಲ್ಲಿ ಎಳೆದುಕೊಂಡು ಹೋಗುತ್ತದೆ, ದೋಣಿಯ ಪಕ್ಕೆಗೆ ಬಡಿಸುತ್ತದೆ. ಅಂಚಿನಿಂದ ಆಚೆ ಬೀಳಲು ಬಿಡದ ಹಗ್ಗವೇ ಹಗ್ಗ. ಹಾಗಾಗಿ 1 ಮೀಟರಿನದನ್ನು ತರಿಸಿದೆವು, ಮೈಯಿಂದ ಎರಡು ಕವಲಾಗಿ ಹೊರಟು ಕವಲಿಗೊಂದು ಕೊಂಡಿ ಇರುವಂಥದ್ದು. ಒಂದನ್ನು ಮುಂದಿನ ಜಾಗಕ್ಕೆ ಸಿಕ್ಕಿಸಿದ ಮೇಲೆಯೇ ಹಿಂದಿನದನ್ನು ಬಿಚ್ಚುವುದು. ‘ಮೊದ್ಲ ಕೊಂಡಿ, ಆಮ್ಯಾಲ ಕಾಲು’ ಎಂಬ ಮಾತು ದಿನಾ ಸಂಜೆ ಒಂದು ತಾಸು ಮಾಳಿಗೆಯ ಮೇಲೆ ಕೇಳಿಸುತ್ತಿತ್ತು. ಎರಡು ತಿಂಗಳಾದ ಮೇಲೆ ಹೇಳುವ ಅಗತ್ಯ ಉಳಿಯಲಿಲ್ಲ. ಕೈ ತಾನಾಗಿ ಕೊಂಡಿ ಹುಡುಕುತ್ತಿತ್ತು. ಬಂದರಿನಲ್ಲಿ ಹೊಸ ದೋಣಿ, ಹೊಸ ನೀರು, ಹೊಸ ಜನ ಎಲ್ಲ ಒಮ್ಮೆಗೇ ಎದುರಾದಾಗ ಕೂಸಿನ ತಲೆಯಲ್ಲಿ ಇದಕ್ಕೆ ಜಾಗ ಇರುವುದಿಲ್ಲ. ಆದ್ದರಿಂದ ಊರಲ್ಲೇ ರೂಢಿಯಾಗಬೇಕು.

ಲೈಫ್ ಜಾಕೆಟ್ ಕೊಳ್ಳುವಾಗ ವಯಸ್ಸು ನೋಡಬಾರದು, ತೂಕ ನೋಡಬೇಕು. ನಮ್ಮ ಕೂಸು 20 ಕೆಜಿ. ಆ ತೂಕಕ್ಕೆ ಸರಿಹೊಂದುವ, ಒಳಗೆ ಫೋಮ್ ತುಂಬಿದ, ಕುತ್ತಿಗೆಯ ಹಿಂದೆ ದಪ್ಪ ಕಾಲರ್ ಇರುವ, ತೊಡೆಸಂದಿಯಲ್ಲಿ ಪಟ್ಟಿ ಬರುವ ಜಾಕೆಟ್ ಬೇಕು. ಗಾಳಿ ತುಂಬಿಕೊಂಡು ಉಬ್ಬುವ ಜಾಕೆಟ್ ದೊಡ್ಡವರಿಗೆ ಅನುಕೂಲ. ಈಜು ಬಾರದ ಕೂಸಿಗೆ ಅದು ಬೇಡ, ಉಬ್ಬುವ ಯಂತ್ರ ಕೈಕೊಟ್ಟರೆ ಅದರಲ್ಲಿ ತೇಲುವ ಗುಣವೇ ಇರುವುದಿಲ್ಲ. ‘ಮುಂದಿನ ವರ್ಷಕ್ಕೂ ಆಗ್ತದ’ ಎಂದು ಒಂದಳತೆ ದೊಡ್ಡದು ಕೊಳ್ಳುವ ನಮ್ಮ ಬಟ್ಟೆ ಅಂಗಡಿಯ ರೂಢಿಯನ್ನು ಇಲ್ಲಿ ಪೂರ್ತಿ ಬಿಡಬೇಕು. ದೊಡ್ಡ ಜಾಕೆಟ್ ನೀರಿನಲ್ಲಿ ಕಿವಿಯವರೆಗೆ ಮೇಲೇರಿ ಮುಖ ಮುಚ್ಚುತ್ತದೆ. ತೊಡೆಸಂದಿಯ ಪಟ್ಟಿ ಹಾಕದಿದ್ದರೂ ಹಾಗೆಯೇ. ತೊಡಿಸಿದ ಮೇಲೆ ಹೆಗಲ ಮೇಲಿನ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ, ಜಾಕೆಟ್ ಜೊತೆ ಕೂಸೂ ಏಳಬೇಕು.

ಈಜುಕೊಳದಲ್ಲಿ ಮೂರು ಪರೀಕ್ಷೆ ಮಾಡಿದೆವು. ಜಾಕೆಟ್ ಹಾಕಿ ಬೋರಲಾಗಿ ನೀರಿಗೆ ಬಿಟ್ಟರೆ ಕೂಸು ತಾನಾಗಿ ಅಂಗಾತ ಮಗುಚಬೇಕು, ಬಾಯಿ ನೀರಿನಿಂದ ಮೇಲೆ ನಿಲ್ಲಬೇಕು. ಎರಡನೆಯದು, ಉಟ್ಟ ಬಟ್ಟೆಯಲ್ಲೇ, ಜಾಕೆಟ್ ಸಮೇತ ಅಂಚಿನಿಂದ ಬಿದ್ದು ಹತ್ತು ನಿಮಿಷ ತೇಲುವುದು. ಮೂರನೆಯದು, ಆ ಹೊತ್ತಿನಲ್ಲಿ ಸೀಟಿ ಊದುವುದು. ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತ ಮಕ್ಕಳು ನಮ್ಮ ಕಡೆ ಇನ್ನೂ ಇದ್ದಾರೆ. ಅವರಿಗೆ ನೀರಿನ ಅಂಜಿಕೆ ಕಡಿಮೆ. ಆದರೆ ಬೆನ್ನಿಗೆ ಕಟ್ಟಿದ ಡಬ್ಬಿ ಮುಖವನ್ನು ನೀರಿನತ್ತ ತಳ್ಳುತ್ತದೆ, ಜಾಕೆಟ್ ಆಕಾಶದತ್ತ ತಿರುಗಿಸುತ್ತದೆ. ಡಬ್ಬಿಯಲ್ಲಿ ಕೈಕಾಲು ಬಡಿಯುವುದನ್ನು ಕಲಿತ ಕೂಸಿಗೆ ಸುಮ್ಮನೆ ಮಲಗಿ ತೇಲುವುದನ್ನು ಹೊಸದಾಗಿಯೇ ಕಲಿಸಬೇಕಾಯಿತು.

ದೋಣಿಯ ಸುತ್ತ ಕಂಬಗಳ ಮೇಲೆ ಎರಡು ಸಾಲು ಉಕ್ಕಿನ ತಂತಿ ಇರುತ್ತದೆ. ಎತ್ತರ 60 ಸೆಂಟಿಮೀಟರ್. ದೊಡ್ಡವರ ಮೊಣಕಾಲಿನ ಮೇಲೆ, ಕೂಸಿನ ಸೊಂಟಕ್ಕೆ. ತಂತಿಗಳ ನಡುವಿನ ಸಂದಿಯಲ್ಲಿ ಕೂಸು ಸಲೀಸಾಗಿ ನುಸುಳುತ್ತದೆ. ಆ ಸಂದಿಗೆಲ್ಲ ಬಲೆ ಕಟ್ಟಿದೆವು, ಕಣ್ಣು 5 ಸೆಂಟಿಮೀಟರ್. ಬಲೆ ಕಟ್ಟಲು ಮೊದಲು ನೈಲಾನ್ ದಾರ ತೆಗೆದುಕೊಂಡಿದ್ದೆವು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಬಲೆ ಜೋತು ಬೀಳುತ್ತದೆ. ಬಿಚ್ಚಿ, 4 ಮಿಲಿಮೀಟರಿನ ಪಾಲಿಯೆಸ್ಟರ್ ದಾರದಲ್ಲಿ ಮತ್ತೆ ಕಟ್ಟಿದೆವು. ಇಡೀ ದೋಣಿಗೆ ಒಂದೇ ದಾರ ಓಡಿಸಬಾರದು. ಪ್ರತಿ ಕಂಬದ ಹತ್ತಿರ ಗಂಟು ಹಾಕಿ ಕಡಿದು ಹೊಸ ದಾರ ಶುರು ಮಾಡಿದರೆ, ಒಂದು ಕಡೆ ಹರಿದಾಗ ಉಳಿದದ್ದು ನಿಲ್ಲುತ್ತದೆ. ಬಲೆ ಇದೆ ಎಂದು ಕೊಂಡಿ ಬಿಡುವುದು ಮಾತ್ರ ಸಲ್ಲದು. ಆಟಿಗೆ ಸಾಮಾನು, ಟೋಪಿ, ಚಪ್ಪಲಿ ನೀರಿಗೆ ಹೋಗದಂತೆ ತಡೆಯುವುದರಲ್ಲೇ ಅದರ ಹೆಚ್ಚಿನ ಉಪಯೋಗ. ಬಿಸಿಲಿಗೆ ದಾರ ಕೊಳೆಯುತ್ತದೆ. ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ ಬದಲಿಸುವ ಕಾಲ ಬಂತೆಂದು ತಿಳಿಯಬೇಕು.

ಹಾಸಿಗೆಗೆ ಪಕ್ಕದಲ್ಲಿ ಒಂದು ಬಟ್ಟೆಯ ತಡೆ ಬೇಕು, ದೋಣಿ ಓರೆಯಾದಾಗ ಕೂಸು ಉರುಳಿ ಬೀಳದಂತೆ. ಒಂದು ಅಂಚನ್ನು ಹಾಸಿಗೆಯ ಹಲಗೆಗೆ, ಇನ್ನೊಂದನ್ನು ಮೇಲಿನ ಹಿಡಿಕೆಗಳಿಗೆ ಹಗ್ಗದಿಂದ ಕಟ್ಟಬೇಕು. ಹಲಗೆಗೆ ಹಾಕಿದ್ದ ಸಣ್ಣ ಸ್ಕ್ರೂಗಳು ಮೊದಲ ರಾತ್ರಿಯೇ ಕಿತ್ತು ಬಂದವು. ಇಪ್ಪತ್ತು ಕೆಜಿ ತೂಕ ಸುಮ್ಮನೆ ಒರಗುವುದಲ್ಲ, ಅಲೆಗೆ ಒಮ್ಮೆಗೇ ಬೀಳುತ್ತದೆ. ಹಲಗೆಯನ್ನು ಆರಪಾರ ಕೊರೆದು, ಹಿಂದೆ ವಾಷರ್ ಇಟ್ಟು ಬೋಲ್ಟ್ ಹಾಕಿದ ಮೇಲೆ ಕೊಚ್ಚಿಯವರೆಗೂ ಅಲುಗಲಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಕಡೆಯ ಮಕ್ಕಳು ಸಮುದ್ರದೂರಿನ ಮಕ್ಕಳಿಗಿಂತ ಮುಂದೆ ಇದ್ದಾರೆ ಎಂದು ನನಗೆ ಖಾತ್ರಿಯಾಗಿದೆ. ನಳ ಬರುವ ದಿನ, ಬಾರದ ದಿನ ಎಂದು ವಾರವನ್ನು ಎಣಿಸಿದ, ತಂಬಿಗೆಯಲ್ಲಿ ಮುಖ ತೊಳೆದ ಕೂಸಿಗೆ 300 ಲೀಟರಿನ ಟಾಕಿಯ ಲೆಕ್ಕ ತಾನೇ ತಿಳಿಯುತ್ತದೆ. ಮೂರು ಜನ, ತಲೆಗೆ ದಿನಕ್ಕೆ 10 ಲೀಟರ್, ಒಟ್ಟು ಹತ್ತು ದಿನ. ಅದರಲ್ಲಿ ಕುಡಿಯಲು ದೊಡ್ಡವರಿಗೆ ಮೂರು ನಾಲ್ಕು ಲೀಟರ್ ಕಾದಿರಿಸಿ, ಉಳಿದದ್ದು ಅಡುಗೆ, ಮುಖ, ಮೈ ಒರೆಸಲು. ಪಾತ್ರೆ ತೊಳೆಯುವುದು ಕಡಲ ನೀರಿನಲ್ಲಿ, ಕೊನೆಗೆ ಒಂದು ತಂಬಿಗೆ ಸಿಹಿನೀರು. ಅನ್ನಕ್ಕೆ ಒಂದು ಪಾಲು ಕಡಲ ನೀರು, ಎರಡು ಪಾಲು ಸಿಹಿನೀರು ಹಾಕಿದರೆ ಉಪ್ಪು ಬೇರೆ ಬೇಡ. ಬಂದರಿನೊಳಗಿನ ಕೊಳಕು ನೀರಿನಲ್ಲಿ ಮಾತ್ರ ಇದನ್ನು ಮಾಡಬಾರದು. ಟಾಕಿಯ ಹೊರತಾಗಿ 20 ಲೀಟರಿನ ನಾಲ್ಕು ಕ್ಯಾನುಗಳನ್ನು ಬೇರೆ ಬೇರೆ ಕಡೆ ಕಟ್ಟಿಟ್ಟಿದ್ದೆವು. ಟಾಕಿ ಸೋರಿತು, ಉಪ್ಪು ಬೆರೆಯಿತು ಎಂದಾದರೆ ಜೀವ ಉಳಿಸುವುದು ಆ ಕ್ಯಾನುಗಳೇ.

ಬಿಸಿಲಿಗೆ ಹೆದರದ ಕೂಸು ಸೆಕೆಗೆ ಸೋತಿತು. ಕಲಬುರಗಿಯಲ್ಲಿ 42 ಡಿಗ್ರಿ ದಾಟಿದರೂ ಗಾಳಿ ಒಣಗಿರುತ್ತದೆ, ಬೆವರು ಆರಿ ಮೈ ತಂಪಾಗುತ್ತದೆ. ಸಮುದ್ರದ ಮೇಲೆ 32 ಡಿಗ್ರಿಯಲ್ಲೇ ಬೆವರು ಆರದೆ ನಿಲ್ಲುತ್ತದೆ, ಅದರ ಮೇಲೆ ಉಪ್ಪು ಕೂರುತ್ತದೆ, ಕುತ್ತಿಗೆ, ಕಂಕುಳ, ಜಾಕೆಟ್ ಪಟ್ಟಿ ಉಜ್ಜುವ ಕಡೆ ಬೊಕ್ಕೆ ಏಳುತ್ತವೆ. ಕಡಲ ನೀರಿನಲ್ಲಿ ನೆನೆದ ಬಟ್ಟೆ ಒಣಗಿದಂತೆ ಕಂಡರೂ ರಾತ್ರಿಗೆ ಮತ್ತೆ ತೇವವಾಗುತ್ತದೆ, ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಸಂಜೆ ಅರ್ಧ ತಂಬಿಗೆ ಸಿಹಿನೀರಿನಲ್ಲಿ ಬಟ್ಟೆ ಹಿಂಡಿ ಮೈ ಒರೆಸಿ, ಒಣ ಅಂಗಿ ತೊಡಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಕಾಕ್‌ಪಿಟ್ ಮೇಲೆ ಬಟ್ಟೆಯ ಚಪ್ಪರ, ತೋಳು ತುಂಬ ಹತ್ತಿಯ ಅಂಗಿ, ಗದ್ದಕ್ಕೆ ಕಟ್ಟುವ ಟೋಪಿ. ಹಾಸಿಗೆಯ ಹತ್ತಿರ 12 ವೋಲ್ಟಿನ ಸಣ್ಣ ಫ್ಯಾನ್.

ಊಟದಲ್ಲಿ ನಮ್ಮನ್ನು ಕಾಪಾಡಿದ್ದು ಕಡಕ್ ರೊಟ್ಟಿ. ಬೇಯಿಸುವ ಗ್ಯಾಸ್ ಬೇಡ, ತಣ್ಣಗೆ ತಿನ್ನಬಹುದು, ಅಲೆಯಲ್ಲಿ ಚೆಲ್ಲುವುದಿಲ್ಲ, ವಾಕರಿಕೆ ಬಂದ ಹೊಟ್ಟೆಗೂ ಒಗ್ಗುತ್ತದೆ. ಮೂರು ಜನ, ದಿನಕ್ಕೆ ನಾಲ್ಕು, ಇಪ್ಪತ್ತು ದಿನ ಎಂದು 240 ರೊಟ್ಟಿ ಮಾಡಿಸಿದೆವು. ಮನೆಯಲ್ಲಿ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟರೆ ತಿಂಗಳಿಗೂ ಕಡಕ್ ಆಗಿಯೇ ಇರುವ ರೊಟ್ಟಿ, ದೋಣಿಯಲ್ಲಿ ಡಬ್ಬಿ ತೆರೆದ ಎರಡೇ ದಿನಕ್ಕೆ ಚರ್ಮದಂತೆ ಮೆತ್ತಗಾಗುತ್ತದೆ. ಆದ್ದರಿಂದ ಹನ್ನೆರಡರ ಕಟ್ಟು, ಅಂದರೆ ಒಂದು ದಿನದ್ದು, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಮುಚ್ಚಿ, ಅಂಥ ಕಟ್ಟುಗಳನ್ನು ಡಬ್ಬಿಯಲ್ಲಿ ತುಂಬಿದೆವು. ಶೇಂಗಾ ಹಿಂಡಿ, ಅಗಸಿ ಹಿಂಡಿ ಸಣ್ಣ ಬಾಟಲಿಗಳಲ್ಲಿ. ಜೋಳದ ಹಿಟ್ಟು ಒಯ್ಯಬೇಡಿ, ಆ ತೇವಕ್ಕೆ ಬೇಗ ಕಹಿಯಾಗುತ್ತದೆ. ಎರಡನೇ ಕಂತಿನ ರೊಟ್ಟಿಯನ್ನು ಬಸ್ ಪಾರ್ಸಲ್‌ನಲ್ಲಿ ಮಂಗಳೂರಿಗೆ ತರಿಸಿಕೊಂಡೆವು. ತೊಗರಿ ಬೇಳೆಯನ್ನು ಒಂದು ತಾಸು ನೆನೆಸಿ ಕುಕ್ಕರಿಗೆ ಇಟ್ಟರೆ ಗ್ಯಾಸ್ ಉಳಿಯುತ್ತದೆ.

ಗ್ಯಾಸ್ ಅಂದ ಕೂಡಲೇ ಒಂದು ಮಾತು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನ ಕೆಳಗಿಂದ ಹೊರಗೆ ಹೋದೀತು. ದೋಣಿ ತಳ ಮುಚ್ಚಿದ ಬೋಗುಣಿ. ಸೋರಿದ ಗ್ಯಾಸ್ ನೆಲದ ಹಲಗೆಯಡಿ ಕೂತು ಒಂದು ಕಿಡಿಗೆ ಕಾಯುತ್ತದೆ. ಅಡುಗೆ ಮುಗಿದ ಕೂಡಲೇ ಒಲೆಯ ಕಿವಿ ತಿರುವುವುದಲ್ಲ, ಸಿಲಿಂಡರಿನ ಕವಾಟವನ್ನೇ ಮುಚ್ಚಬೇಕು. ‘ಸಿಲಿಂಡರ್ ಬಂದ್?’ ಎಂದು ಕೇಳುವ ಕೆಲಸವನ್ನು ಕೂಸಿಗೇ ಕೊಟ್ಟಿದ್ದೆವು. ಒಲೆ ಹೊತ್ತಿರುವಾಗ ಅಡುಗೆ ಮೂಲೆಗೆ ಕೂಸು ಬರುವಂತಿಲ್ಲ. ಅಲೆಗೆ ತಕ್ಕಂತೆ ತೂಗುವ ಒಲೆಯಾದರೂ ಕುದಿಯುವ ಎಸರು ಒಮ್ಮೊಮ್ಮೆ ಹಾರುತ್ತದೆ.

ಹೊರಡುವ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ. ದಸರಾ ರಜೆಯಲ್ಲಿ ಹೋಗೋಣ ಎಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ಅಕ್ಟೋಬರ್ ನವೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಸಂಭವ ಇರುತ್ತದೆ. ನಾವು ನವೆಂಬರ್ ಮುಗಿಯುವ ಹೊತ್ತಿಗೆ ಹೊರಟೆವು. ಒಳ್ಳೆಯ ದಿನಗಳಲ್ಲಿ ಈ ಕರಾವಳಿಯ ಗಾಳಿಗೆ ಒಂದು ವೇಳಾಪಟ್ಟಿ ಇದೆ. ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ, ಪೂರ್ವದಿಂದ ತೆಳುಗಾಳಿ. ಒಂಬತ್ತು ಹತ್ತಕ್ಕೆ ಅದು ಸತ್ತು ಸಮುದ್ರ ಎಣ್ಣೆ ಸುರಿದಂತೆ ನಯವಾಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ಮೂರು ನಾಲ್ಕು ಗಂಟೆಗೆ ಹೆಚ್ಚು ಬಿರುಸು. ಆದ್ದರಿಂದ ನಸುಕಿನ ನಾಲ್ಕಕ್ಕೆ ಲಂಗರು ಎತ್ತಿ, ಬಿರುಸಿನ ಹೊತ್ತಿಗೆ ಯಾವುದಾದರೂ ಗುಡ್ಡದ ದಕ್ಷಿಣ ಮಗ್ಗುಲು ಸೇರುವುದು. ಕೂಸು ಏಳುವ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ.

ವೇಗದ ಬಗ್ಗೆ ಕೂಸಿಗೆ ಮೊದಲೇ ತಿಳಿಸಬೇಕು, ಇಲ್ಲವಾದರೆ ‘ಇನ್ನ ಎಷ್ಟ ದೂರ ಅದ?’ ನಿಲ್ಲುವುದಿಲ್ಲ. ನಮ್ಮ ದೋಣಿ ತಾಸಿಗೆ 5 ನಾಟಿಕಲ್ ಮೈಲಿ ಹೋಗುತ್ತದೆ. ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್. ಕಲಬುರಗಿ–ಬೀದರ ರೈಲು ದಾರಿ 110 ಕಿಲೋಮೀಟರ್. ಅಷ್ಟು ದೂರ ನಮ್ಮ ದೋಣಿಗೆ ಹನ್ನೆರಡು ತಾಸು. ಮುಂಬೈಯಿಂದ ಕೊಚ್ಚಿಗೆ ಸುಮಾರು 600 ನಾಟಿಕಲ್ ಮೈಲಿ. ದಿನಕ್ಕೆ ಮೂವತ್ತು ನಲವತ್ತು ಮೈಲಿ ಸಾಕು, ಅದರ ನಡುವೆ ಲಂಗರಿನಲ್ಲಿ ಕಳೆಯುವ ದಿನಗಳೇ ಹೆಚ್ಚು ಇರಲಿ. ಬಿಡದೆ ಓಡಿಸಿದರೆ ಎರಡು ವಾರವೂ ಬೇಡ, ಆದರೆ ಅದು ಕೂಸಿಗೆ ಜೈಲು.

ವಾಕರಿಕೆ ಮೊದಲ ಎರಡು ಮೂರು ದಿನ ಬಂದೇ ಬರುತ್ತದೆ. ಕಿವಿಯೊಳಗಿನ ಅಂಗ ‘ಅಲುಗಾಡುತ್ತಿದ್ದೇವೆ’ ಅನ್ನುತ್ತದೆ, ಕ್ಯಾಬಿನ್ನಿನ ಗೋಡೆ ನೋಡುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಅನ್ನುತ್ತದೆ. ಈ ಜಗಳವೇ ವಾಕರಿಕೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಕೂಸನ್ನು ಹೊರಗೆ ಕೂರಿಸಿ ದೂರದ ದಿಗಂತ ತೋರಿಸಬೇಕು, ಅಥವಾ ದೋಣಿಯ ನಡುಭಾಗದಲ್ಲಿ ಕಣ್ಣು ಮುಚ್ಚಿಸಿ ಮಲಗಿಸಬೇಕು. ನಡುವಿನ ದಾರಿ ಇಲ್ಲ. ಓದು, ಚಿತ್ರ ಬಿಡಿಸುವುದು, ಫೋನ್ ಮೂರೂ ಬಂದ್. ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು: ತಾಸಿಗೊಮ್ಮೆ ಅರ್ಧ ರೊಟ್ಟಿ, ಚೂರು ಶುಂಠಿ. ವಾಂತಿಯಾದರೆ ಚಮಚದಿಂದ ಚಮಚಕ್ಕೆ ಓಆರ್‌ಎಸ್. ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಕೂಸು ಎಷ್ಟು ಸಲ ಮೂತ್ರಕ್ಕೆ ಹೋಯಿತು, ಬಣ್ಣ ಹೇಗಿತ್ತು ಎಂಬುದನ್ನು ಬರೆದಿಡಿ. ಗುಳಿಗೆಯನ್ನು ಮಕ್ಕಳ ಡಾಕ್ಟರ್ ತೂಕ ನೋಡಿ ಬರೆದುಕೊಟ್ಟಷ್ಟೇ ಕೊಡಬೇಕು, ದೊಡ್ಡವರದ್ದನ್ನು ಮುರಿದು ಕೊಡುವುದು ಅಪಾಯ. ಆ ಗುಳಿಗೆ ನಿದ್ದೆ ಬರಿಸುತ್ತದೆ. ಬಿಸಿಲಿಗೆ ಬಸವಳಿದು ಮಂಕಾದ ಕೂಸನ್ನೂ ನಿದ್ದೆಗಣ್ಣಿನದು ಎಂದುಕೊಂಡು ಮೋಸಹೋಗಬಹುದು.

ದೋಣಿ ಸಾಗುತ್ತಿರುವಾಗ ಕೂಸಿನ ಜಾಗ ಕಾಕ್‌ಪಿಟ್ಟಿನ ಮುಂದಿನ ಮೂಲೆ, ಮೆಟ್ಟಿಲ ಪಕ್ಕ. ಅಲ್ಲಿ ಬೂಮ್ ತಲೆಗೆ ತಾಗುವುದಿಲ್ಲ, ಹಗ್ಗ ಸುತ್ತಿ ಬಿಗಿಯುವ ವಿಂಚ್ ಕೈಗೆ ಸಿಗುವುದಿಲ್ಲ. ಬೂಮ್ ಅಂದರೆ ದೊಡ್ಡ ಹಾಯಿಯ ಕೆಳಗಿನ ಅಡ್ಡ ತೊಲೆ. ಗಾಳಿ ಹಿಂದಿನಿಂದ ಬರುವಾಗ ಅದು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಬೀಸಿ ಹೋದರೆ ದೊಡ್ಡವರ ತಲೆಯೂ ಉಳಿಯುವುದಿಲ್ಲ. ಈ ದಾರಿಯಲ್ಲಿ ಮಧ್ಯಾಹ್ನದ ವಾಯವ್ಯ ಗಾಳಿ ಬಹುಮಟ್ಟಿಗೆ ಹಿಂದಿನಿಂದಲೇ ಬರುವುದರಿಂದ ಬೂಮನ್ನು ಮುಂದಕ್ಕೆ ಹಗ್ಗದಿಂದ ಕಟ್ಟಿ ಹಿಡಿಯುವುದು ಕಡ್ಡಾಯ. ಕೂಸಿಗೆ ಒಂದೇ ಆಜ್ಞೆ: ‘ಬೂಮ್ ಬರ್ತದ, ಕುಂದ್ರು!’ ಇದಕ್ಕೆ ಯಾಕೆ ಎಂಬ ಪ್ರಶ್ನೆ ಇಲ್ಲ, ಕೂತ ಮೇಲೆ ಎಷ್ಟು ಬೇಕಾದರೂ ಕೇಳಬಹುದು. ಇನ್ನುಳಿದ ಎಲ್ಲದಕ್ಕೂ ಕಾರಣ ಹೇಳಿದೆವು. ಆಜ್ಞೆಗಳು ಹೆಚ್ಚಾದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಮೆಟ್ಟಿಲು ಇಳಿಯುವಾಗ ಮುಖ ಮೆಟ್ಟಿಲ ಕಡೆ, ಬೆನ್ನು ಕ್ಯಾಬಿನ್ ಕಡೆ. ಮಾಳಿಗೆಯ ಏಣಿಯಲ್ಲಿ ಇಳಿದ ಮಕ್ಕಳಿಗೆ ಇದು ಬಂದೇ ಇರುತ್ತದೆ.

ಕೆಲಸ ಇಲ್ಲದ ಕೂಸು ಕಿರಿಕಿರಿ ಮಾಡುತ್ತದೆ, ಸುಮ್ಮನೆ ಕೂರುವ ಕೂಸು ವಾಕರಿಕೆಯನ್ನೂ ಹೆಚ್ಚಿಸಿಕೊಳ್ಳುತ್ತದೆ. ನಾವು ಕೊಟ್ಟವೆಲ್ಲ ನಿಜವಾದ ಕೆಲಸಗಳು, ಆಟದವಲ್ಲ. ಲಂಗರಿನ ಸರಪಳಿಗೆ ಹತ್ತು ಮೀಟರಿಗೊಂದು ಬಣ್ಣ ಬಳಿದಿರುತ್ತದೆ. ಬಿಡುವಾಗ ಬಣ್ಣ ಎಣಿಸಿ ಕೂಗುವುದು. ನೀರು 6 ಮೀಟರ್ ಆಳ, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲೆ, ಒಟ್ಟು 7. ಅದರ ಐದರಷ್ಟು, 35 ಮೀಟರ್ ಸರಪಳಿ. ಈ ಗುಣಾಕಾರ ಕೂಸಿನದೇ. ಲಂಗರು ಹಾಕಿದ ಮೇಲೆ ದೋಣಿ ಲಂಗರಿನಲ್ಲಿದೆ ಎಂಬ ಗುರುತಿಗೆ ಮುಂದಿನ ಹಗ್ಗಕ್ಕೆ ಕರಿ ಚೆಂಡು ಏರಿಸುವುದು, ಸಂಜೆ ಅದನ್ನಿಳಿಸಿ ಬಿಳಿ ದೀಪ ಹಚ್ಚುವುದು. ಬೆಳಿಗ್ಗೆ ಎದ್ದ ಕೂಡಲೇ ನೆಲದ ಹಲಗೆ ಎತ್ತಿ ಅಡಿಯಲ್ಲಿ ನಿಂತ ನೀರನ್ನು ಪಟ್ಟಿಯಿಂದ ಅಳೆಯುವುದು. ಎರಡು ಬೆರಳಿಗಿಂತ ಹೆಚ್ಚಿದ್ದರೆ ನಾವು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದೆವು: ಉಪ್ಪಾದರೆ ಸಮುದ್ರ ಒಳಗೆ ಬರುತ್ತಿದೆ, ಸಪ್ಪೆಯಾದರೆ ಟಾಕಿ ಸೋರುತ್ತಿದೆ. ಆ ಜಾಗಕ್ಕೇ ಕೂಸಿನ ಆಟಿಗೆಗಳು ಶತ್ರು. ಸಣ್ಣ ಪ್ಲಾಸ್ಟಿಕ್ ಇಟ್ಟಿಗೆಗಳು, ಬಣ್ಣದ ಕಡ್ಡಿಯ ಸುತ್ತಿನ ಕಾಗದ ಹಲಗೆಯ ಸಂದಿಯಲ್ಲಿ ಬಿದ್ದು ನೀರೆತ್ತುವ ಪಂಪಿನ ಬಾಯಿ ಕಟ್ಟುತ್ತವೆ. ಗೋವಾ ತಲುಪುವ ಹೊತ್ತಿಗೆ ಒಂದು ಸಲ ಕಟ್ಟಿತ್ತು; ಇಟ್ಟಿಗೆಗಳ ಡಬ್ಬಿಯನ್ನು ಅಲ್ಲಿಂದಲೇ ಊರಿಗೆ ಕಳಿಸಿದೆವು. ಉಳಿದ ಆಟಿಗೆ ಎರಡು ಮೀಟರ್ ಹಗ್ಗ. ಹೊಲದಲ್ಲಿ ಗೂಟಕ್ಕೆ ಎತ್ತು ಕಟ್ಟುವುದನ್ನು ನೋಡಿದ ಕೂಸು ಕ್ಲೋವ್ ಹಿಚ್ ಗಂಟನ್ನು ಮೊದಲ ದಿನವೇ ಹಾಕಿತು, ಬೌಲೈನ್‌ಗೆ ವಾರ ಬೇಕಾಯಿತು.

ರೇಡಿಯೋ ಬಗ್ಗೆ ಯಾವ ಮುಚ್ಚುಮರೆ ಇಲ್ಲದೆ ಕಲಿಸಬೇಕು. ಇಬ್ಬರು ದೊಡ್ಡವರಲ್ಲಿ ಒಬ್ಬರು ನೀರಿಗೆ ಬಿದ್ದರೆ ಇನ್ನೊಬ್ಬರಿಗೆ ದೋಣಿ ತಿರುಗಿಸುವುದೇ ಆಗುತ್ತದೆ. ಆಗ ಕೂಸಿನ ಕೆಲಸ ಬಿದ್ದವರ ಕಡೆ ಬೆರಳು ಮಾಡಿ, ಕಣ್ಣು ಬೇರೆಡೆ ಹೊರಳಿಸದೆ, ಕೂಗುತ್ತಾ ಇರುವುದು. ಅಲೆಗಳ ನಡುವೆ ತಲೆಯೊಂದು ಅರೆಕ್ಷಣದಲ್ಲಿ ಕಳೆದುಹೋಗುತ್ತದೆ. ದೊಡ್ಡವರಿಬ್ಬರಿಂದಲೂ ಆಗದು ಎಂಬ ಸ್ಥಿತಿಗೆ ಇನ್ನೊಂದು ಪಾಠ: ವಿಎಚ್‌ಎಫ್ ರೇಡಿಯೋ ಚಾನೆಲ್ 16, ಗುಂಡಿ ಒತ್ತಿ ‘ಮೇಡೇ’ ಎಂಬ ಅಪಾಯದ ಕರೆ ಮೂರು ಸಲ, ದೋಣಿಯ ಹೆಸರು ಮೂರು ಸಲ, ಪರದೆಯ ಮೇಲಿನ ಅಕ್ಷಾಂಶ ರೇಖಾಂಶ, ಎಷ್ಟು ಜನ, ಏನಾಗಿದೆ, ಗುಂಡಿ ಬಿಟ್ಟು ಕೇಳು. ಕನ್ನಡದಲ್ಲಿ ಬರೆದ ಚೀಟಿ ರೇಡಿಯೋ ಪಕ್ಕದಲ್ಲೇ ಅಂಟಿಸಿತ್ತು, ಕೆಳಗೆ ಕೋಸ್ಟ್ ಗಾರ್ಡ್ ಫೋನ್ 1554. ಅಭ್ಯಾಸವನ್ನು ರೇಡಿಯೋ ಬಂದ್ ಮಾಡಿಯೇ ಮಾಡಿಸಬೇಕು. ಇದನ್ನೆಲ್ಲ ಹೇಳಿದರೆ ಕೂಸು ಹೆದರುತ್ತದೆ ಎಂದು ಹಿರಿಯರು ಅಂದಿದ್ದರು. ಏನು ಮಾಡಬೇಕೆಂದು ಗೊತ್ತಿದ್ದ ಕೂಸು ರಾತ್ರಿ ಚೆನ್ನಾಗಿ ಮಲಗಿತು.

ಹೆದರಿಸಿದ್ದು ಸದ್ದುಗಳು. ದೋಣಿಯ ಗೋಡೆ ಒಂದು ಬೆರಳು ದಪ್ಪ, ಅದರಾಚೆ ನೀರು. ಲಂಗರು ಹಾಕಿದ ಮೊದಲ ರಾತ್ರಿ ಗೋಡೆಯೆಲ್ಲ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ. ದೋಣಿ ಒಡೆಯುತ್ತಿದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಅದು ತಳದಲ್ಲಿ ಇರುವ ಒಂದು ಜಾತಿಯ ಸೀಗಡಿ ತನ್ನ ಕೊಂಡಿಯಿಂದ ಚಿಟಿಕೆ ಹೊಡೆಯುವ ಸದ್ದು, ಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ಎಲ್ಲೆಡೆ ಇರುತ್ತದೆ. ಟಣಟಣ ಎಂದರೆ ಹಾಯಿ ಏರಿಸುವ ಹಗ್ಗ ಲೋಹದ ಕೂವೆಮರಕ್ಕೆ ಬಡಿಯುತ್ತಿದೆ, ಎಳೆದು ಪಕ್ಕಕ್ಕೆ ಕಟ್ಟಿದರೆ ನಿಲ್ಲುತ್ತದೆ. ಗರಗರ ಎಂದರೆ ಸರಪಳಿ ಕಲ್ಲಿನ ಮೇಲೆ ಸರಿಯುತ್ತಿದೆ. ಇದಕ್ಕೆ ಮಾತ್ರ ನಮ್ಮನ್ನು ಎಬ್ಬಿಸಬೇಕು. ಹೀಗೆ ಒಂದೊಂದು ಸದ್ದಿಗೆ ಒಂದೊಂದು ಹೆಸರು ಇಟ್ಟ ಮೇಲೆ ಕೂಸೇ ಕತ್ತಲಲ್ಲಿ ಮಲಗಿಕೊಂಡು ಎಣಿಸುತ್ತಿತ್ತು. ದೀಪ ಆರಿಸಿ ಪಾಯಖಾನೆಗೆ ಕಡಲ ನೀರು ಪಂಪು ಮಾಡಿದರೆ ನೀರೊಳಗೆ ನೀಲಿ ಕಿಡಿ ಮಿನುಗುವುದೂ ಉಂಟು, ಬೆಳಕು ಸೂಸುವ ಸೂಕ್ಷ್ಮ ಜೀವಿಗಳವು. ರಾತ್ರಿ ಪಾಯಖಾನೆಗೆ ಹೋಗಲು ಒಲ್ಲೆ ಎನ್ನುತ್ತಿದ್ದ ಕೂಸಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಶಾಲೆಗೆ ಮೊದಲೇ ತಿಳಿಸಿ, ಪಠ್ಯಪುಸ್ತಕ ಜೊತೆಗೊಯ್ದಿದ್ದೆವು. ಲಂಗರಿನಲ್ಲಿ ಇರುವ ದಿನ ಬೆಳಿಗ್ಗೆ ಒಂದೂವರೆ ತಾಸು ಪಾಠ, ಸಾಗುವ ದಿನ ಪುಸ್ತಕ ಇಲ್ಲ. ಅದರ ಬದಲು ದಿನಚರಿ ಪುಸ್ತಕ: ತಾಸಿಗೊಮ್ಮೆ ಹೊತ್ತು, ಅಕ್ಷಾಂಶ, ವೇಗ, ಗಾಳಿಯ ದಿಕ್ಕು. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿ ಎಂಬ ಒಂದೇ ಸೂತ್ರ ಸಾಕು, ಗಣಿತ, ಭೂಗೋಳ ಎರಡೂ ನಡೆಯುತ್ತವೆ. ಕಲಬುರಗಿಯ ಅಕ್ಷಾಂಶ 17 ಡಿಗ್ರಿ 20 ಮಿನಿಟು. ಮಹಾರಾಷ್ಟ್ರದ ಜೈಗಡದ ಹತ್ತಿರ ಅದೇ ಅಂಕಿ ಪರದೆಯಲ್ಲಿ ಬಂತು. ಅಲ್ಲಿಂದ ನೆಟ್ಟಗೆ ಪೂರ್ವಕ್ಕೆ, ಸುಮಾರು 380 ಕಿಲೋಮೀಟರ್ ಆಚೆ ನಮ್ಮ ಮಾಳಿಗೆ. ಅಲ್ಲಿ ಹೊತ್ತು ಹುಟ್ಟಿದ ಹದಿನಾಲ್ಕು ಮಿನಿಟಿಗೆ ಇಲ್ಲಿ ಹುಟ್ಟುತ್ತದೆ. ಆ ಸಾಲಿನ ಗುಡ್ಡಗಳ ಹಿಂದೆಯೇ ನಮ್ಮ ಹೊಳೆಗಳು ಹುಟ್ಟುವುದು. ಮಹಾಬಲೇಶ್ವರದ ಕೃಷ್ಣೆಗೆ ಈ ಸಮುದ್ರ 64 ಕಿಲೋಮೀಟರ್ ಮಾತ್ರ, ಆದರೂ ಬೆನ್ನು ತಿರುಗಿಸಿ ಯಾದಗಿರಿ ಜಿಲ್ಲೆಯನ್ನು ಹಾದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಭೀಮೆಯೂ ಹಾಗೆಯೇ. ನಕಾಶೆಯಲ್ಲಿ ಓದಿದ್ದನ್ನು ದೋಣಿಯಿಂದ ಸಹ್ಯಾದ್ರಿಯ ಈಚೆ ಮುಖ ನೋಡುತ್ತಾ ಹೇಳಿದರೆ ಕೂಸಿಗೆ ಮರೆಯುವುದಿಲ್ಲ.

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಕಾರವಾರದ ಕೊಲ್ಲಿ ವಾಯವ್ಯ ಅಲೆಗೆ ಒಳ್ಳೆಯ ಮರೆ, ಆದರೆ ನೌಕಾನೆಲೆಯ ನಿಷೇಧಿತ ಪ್ರದೇಶವನ್ನು ನಕಾಶೆಯಲ್ಲಿ ನೋಡಿ ದೂರ ಇಡಬೇಕು. ಕರಾವಳಿ ಕಾವಲು ಪೊಲೀಸರು ಬಂದರೆ ತೋರಿಸಲು ಕೂಸಿನ ಆಧಾರ್ ಪ್ರತಿಯೂ ಜಲನಿರೋಧಕ ಚೀಲದಲ್ಲಿ ಇರಲಿ. ಹೊನ್ನಾವರದಲ್ಲಿ ಶರಾವತಿಯ ಬಾಯಿಗೆ ಮರಳ ದಿಣ್ಣೆ ಇದೆ. ಇಳಿತದ ನೀರು ಹೊರಗೆ ನುಗ್ಗುವಾಗ ಕಡಲ ಅಲೆ ಎದುರಾದರೆ ಅಲ್ಲಿ ನೀರು ಗೋಡೆಯಂತೆ ಎದ್ದು ಮುರಿಯುತ್ತದೆ. ಕೂಸನ್ನಿಟ್ಟುಕೊಂಡು ಅಂಥ ಅಳಿವೆಯೊಳಗೆ ನುಗ್ಗುವ ಕೆಲಸವೇ ಬೇಡ, ಹೊರಗೇ ದಾಟಿ ಮುರುಡೇಶ್ವರದ ಗುಡ್ಡದ ಮರೆಗೆ ಹೋಗುವುದು ಲೇಸು. ಅಲ್ಲಿಂದ ಮಲ್ಪೆ ಒಂದು ಉದ್ದ ಹಗಲು. ಈ ಹಾದಿಯಲ್ಲೆಲ್ಲ ದೊಡ್ಡ ತೊಂದರೆ ಬಲೆಗಳು. ದೀಪವಿಲ್ಲದ ಬಾವುಟ, ಥರ್ಮೋಕೋಲ್ ತುಂಡು, ಖಾಲಿ ಕ್ಯಾನು ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಎಂದೇ ಅರ್ಥ. ಕೂಸಿನ ಕಣ್ಣು ನಮಗಿಂತ ಚುರುಕು, ಕಂಡ ಬಾವುಟಕ್ಕೆ ಒಂದು ಪುಟಾಣಿ ಉಂಡೆ ಎಂದು ಕರಾರು. ಪ್ರೊಪೆಲ್ಲರಿಗೆ ಬಲೆ ಸುತ್ತಿದರೆ ಇಂಜಿನ್ನನ್ನು ತಕ್ಷಣ ನ್ಯೂಟ್ರಲ್‌ಗೆ ತರಬೇಕು, ಹಿಂದಕ್ಕೆ ಹೊಡೆದು ಬಿಡಿಸುತ್ತೇನೆ ಎಂದರೆ ಇನ್ನಷ್ಟು ಬಿಗಿಯುತ್ತದೆ. ಅದರಲ್ಲೂ ಅದು ಯಾರದೋ ಅನ್ನದ ಬಲೆ, ಕಡಿಯುವ ಮೊದಲು ಒಡೆಯರನ್ನು ಕೂಗಿ ನೋಡುವುದು ಧರ್ಮ. ರಾತ್ರಿಯಿಡೀ ಸಾಗುವುದನ್ನು ಇದೇ ಕಾರಣಕ್ಕೆ ಬಿಟ್ಟೆವು.

ದಕ್ಷಿಣಕ್ಕೆ ಇಳಿದಂತೆ ಉಬ್ಬರ ಇಳಿತ ಕಡಿಮೆಯಾಗುತ್ತಾ ಹೋಗುತ್ತದೆ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುವ ನೀರು ಕಾರವಾರದಲ್ಲಿ ಎರಡು ಮೀಟರಿನ ಆಸುಪಾಸು, ಕೊಚ್ಚಿಯಲ್ಲಿ ಒಂದು ಮೀಟರೂ ಇಲ್ಲ. ಮುಂಬೈಯಲ್ಲಿ ದಡದ ಕಟ್ಟೆಗೆ ಕಟ್ಟಿದ ಹಗ್ಗವನ್ನು ತಾಸಿಗೊಮ್ಮೆ ಸಡಿಲಿಸಬೇಕಿದ್ದ ಕೂಸಿಗೆ ಕೊಚ್ಚಿಯಲ್ಲಿ ಆ ಕೆಲಸ ಉಳಿಯಲಿಲ್ಲ.

ಫೆಬ್ರವರಿ ಕೊನೆಗೆ ಕೊಚ್ಚಿ ಸೇರಿದೆವು. ಇಳಿಯುವ ಮೊದಲು ಜಾಕೆಟ್, ಹಾರ್ನೆಸ್, ಜ್ಯಾಕ್‌ಲೈನ್ ಎಲ್ಲವನ್ನೂ ಎರಡೆರಡು ಸಲ ಸಿಹಿನೀರಿನಲ್ಲಿ ಅದ್ದಿ, ಕೊಂಡಿಗಳ ಸ್ಪ್ರಿಂಗಿನೊಳಗಿನ ಉಪ್ಪು ತೊಳೆದು, ನೆರಳಲ್ಲಿ ಒಣಗಿಸಿದೆವು. ಬಿಸಿಲಲ್ಲಿ ಒಣಗಿಸಿದರೆ ಪಟ್ಟಿಯ ಶಕ್ತಿ ಹೋಗುತ್ತದೆ. ಜಾಕೆಟ್ಟಿನ ಮಡಿಕೆಯಲ್ಲಿ ಬೂಷ್ಟು ಕಂಡ ಕಡೆ ಸಾಬೂನು ಹಚ್ಚಿ ತಿಕ್ಕಬೇಕಾಯಿತು. ಕೂಸು ದಿನಚರಿಯ ಕೊನೆಯ ಸಾಲು ಬರೆದದ್ದು ಹೀಗೆ: ಕೊಚ್ಚಿ 9 ಡಿಗ್ರಿ 58 ಮಿನಿಟು, ಕಲಬುರಗಿ 17 ಡಿಗ್ರಿ 20 ಮಿನಿಟು, ಕಳೆದರೆ 7 ಡಿಗ್ರಿ 22 ಮಿನಿಟು, ಅಂದರೆ 442 ನಾಟಿಕಲ್ ಮೈಲಿ, ಕಿಲೋಮೀಟರಿನಲ್ಲಿ 819. ಕೆಳಗೆ, ‘ನಮ್ಮನಿ ಉತ್ತರಕ್ಕ ಅದ.’